ಅರ್ಕಾವತಿ ಬತ್ತಿದ್ದೇಕೆ? ಜಲವಿವಾದಗಳ ಅಧ್ಯಯನ ಮತ್ತು ಸಣ್ಣ ಉದ್ಯಮ

ಕಚ್ಚಾ ಸಾಮಗ್ರಿ, ವಿದ್ಯುತ್, ಕೂಲಿ, ಬಡ್ಡಿ, ಸಾಗಣೆ ಇವುಗಳ ಲೆಕ್ಕವನ್ನು ಪ್ರತಿಯೊಬ್ಬ ಉದ್ಯಮಿಯೂ ತಪ್ಪದೆ ಬರೆದಿಡುತ್ತಾನೆ. ನೀರಿನ ಲೆಕ್ಕವನ್ನು ಬರೆದಿಡುವವರು ವಿರಳ. ಕೊಳವೆಬಾವಿಯಿಂದ ಬರುವ ನೀರಿಗೆ ವಿದ್ಯುತ್ ಖರ್ಚಿನ ಹೊರತು ಬೇರೆ ಬೆಲೆಯಿಲ್ಲವೆಂಬ ಭಾವನೆ ದೀರ್ಘಕಾಲದಿಂದ ಬೇರೂರಿರುವುದೇ ಇದಕ್ಕೆ ಕಾರಣ. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಜಿಲ್ಲಾಡಳಿತವು ಖಾಸಗಿ ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಬೇಕಾಗಿ ಬಂದಾಗ ಈ ಭಾವನೆಗೆ ಬಲವಾದ ಪೆಟ್ಟು ಬಿದ್ದಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂಬುದು ಆಗ ಗೊತ್ತುಪಡಿಸಿದ ದರ.

ನೀರಿನ ಅಭಾವ ತಲೆದೋರಿದಾಗಲೆಲ್ಲ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ: ನೀರು ಹೋದದ್ದೆಲ್ಲಿಗೆ? ರೈತರು ನಗರದತ್ತ ಬೆರಳು ತೋರಿಸುತ್ತಾರೆ, ನಗರದವರು ಕಾರ್ಖಾನೆಗಳತ್ತ, ಕಾರ್ಖಾನೆಯವರು ಮಳೆಯತ್ತ. ಇಂತಹ ವಿವಾದಗಳಲ್ಲಿ ಮೊದಲು ಆರೋಪಕ್ಕೆ ಗುರಿಯಾಗುವವರ ಪೈಕಿ ಸಣ್ಣ ಕೈಗಾರಿಕೆಗಳೂ ಸೇರಿರುತ್ತವೆ. ತಮ್ಮ ಪರವಾಗಿ ಹೇಳಲು ಅಂಕಿಅಂಶಗಳಿಲ್ಲದೆ ನಿರುತ್ತರರಾಗುವವರೂ ಅವರೇ. ಆದ್ದರಿಂದ ಜಲವಿವಾದಗಳನ್ನು ತಜ್ಞರು ಹೇಗೆ ಅಧ್ಯಯನ ಮಾಡುತ್ತಾರೆ, ಕಾರಣವನ್ನು ಹೇಗೆ ಗೊತ್ತುಮಾಡುತ್ತಾರೆ, ಆ ಅಧ್ಯಯನದಲ್ಲಿ ಉದ್ಯಮದ ಪಾತ್ರವೇನು ಎಂಬುದನ್ನು ವರ್ತಕರೂ ಉತ್ಪಾದಕರೂ ಅರಿತಿರುವುದು ಅಗತ್ಯ. ರಾಜಧಾನಿಯ ಪಕ್ಕದಲ್ಲೇ ಹರಿಯುವ ಅರ್ಕಾವತಿ ನದಿ ಇದಕ್ಕೆ ಉತ್ತಮ ನಿದರ್ಶನ.

ಒಂದು ನದಿ, ಎರಡು ಜಲಾಶಯಗಳು

ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳ ಮೂಲಕ ಸಾಗಿ ಸಂಗಮದ ಬಳಿ ಕಾವೇರಿಯನ್ನು ಕೂಡುತ್ತದೆ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಬೆಂಗಳೂರು ನಗರದೊಳಗೆ ಹುಟ್ಟುವ ವೃಷಭಾವತಿಯೂ ಇದರ ಮುಖ್ಯ ಉಪನದಿಗಳು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಇದೇ ನದಿಯಿಂದ. 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ಪೂರೈಕೆ ಆರಂಭವಾಯಿತು. ಅದು ಸಾಲದಾದಾಗ ಅರ್ಕಾವತಿ ಮತ್ತು ಕುಮುದ್ವತಿ ಕೂಡುವೆಡೆಯಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ನಿರ್ಮಿಸಲಾಯಿತು. 1933ರಲ್ಲಿ ಪೂರ್ಣಗೊಂಡ ಈ ಜಲಾಶಯಕ್ಕೆ ಚಾಮರಾಜಸಾಗರವೆಂದೂ ಹೆಸರಿದೆ. 1974ರಲ್ಲಿ ಕಾವೇರಿ ನೀರು ನಗರವನ್ನು ತಲುಪುವವರೆಗೆ ಬೆಂಗಳೂರಿನ ಮನೆಗಳೂ ಗಿರಣಿಗಳೂ ಪ್ರಧಾನವಾಗಿ ಅರ್ಕಾವತಿಯನ್ನೇ ನೆಚ್ಚಿಕೊಂಡಿದ್ದವು.

ಆ ಬಳಿಕ ಜಲಾಶಯಕ್ಕೆ ಬರುವ ನೀರು ಇಳಿಯತೊಡಗಿತು. 1975ಕ್ಕೆ ಮುಂಚೆ ತಿಪ್ಪಗೊಂಡನಹಳ್ಳಿಯ ಒಳಹರಿವು ಸರಾಸರಿ ದಿನವೊಂದಕ್ಕೆ 385 ದಶಲಕ್ಷ ಲೀಟರಿನಷ್ಟಿತ್ತು. 2000ದ ನಂತರದ ವರ್ಷಗಳಲ್ಲಿ ಅದು 65 ದಶಲಕ್ಷ ಲೀಟರಿಗೆ ಕುಸಿಯಿತು. ಆರು ಪಾಲಿನಲ್ಲಿ ಐದು ಪಾಲು ನೀರು ಕಾಣೆಯಾಯಿತೆಂದೇ ಇದರ ಅರ್ಥ. ಅಣೆಕಟ್ಟು ಗಟ್ಟಿಯಾಗಿಯೇ ಇತ್ತು, ಪಂಪುಗಳು ಸುಸ್ಥಿತಿಯಲ್ಲಿದ್ದವು. ನದಿ ಮಾತ್ರ ಬರಲಿಲ್ಲ. ಕೋಟ್ಯಂತರ ರೂಪಾಯಿಯ ಮೂಲಸೌಕರ್ಯವು ನೀರಿಲ್ಲದೆ ನಿಷ್ಪ್ರಯೋಜಕವಾಗುವುದೆಂದರೆ ಏನೆಂಬುದು ಯಂತ್ರಕ್ಕೆ ಬಂಡವಾಳ ಹೂಡಿದ ಪ್ರತಿಯೊಬ್ಬರಿಗೂ ಅರ್ಥವಾಗುವ ಸಂಗತಿ. ನಗರವು ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ ನೀರನ್ನು ಮೇಲಕ್ಕೆತ್ತಿ ತರುವ ಯೋಜನೆಗಳನ್ನು ಹಂತಹಂತವಾಗಿ ವಿಸ್ತರಿಸುತ್ತ ಹೋಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು.

ಒಂದು ಪ್ರಶ್ನೆ, ಹಲವು ಸಂಶಯಗಳು

ನದಿ ಬತ್ತಿದ್ದಕ್ಕೆ ಪ್ರತಿಯೊಬ್ಬರ ಬಳಿಯೂ ಒಂದು ಕಾರಣ ಸಿದ್ಧವಾಗಿರುತ್ತದೆ. ಅಧ್ಯಯನಕಾರರು ಹೀಗೆ ಒಂದೇ ಕಾರಣವನ್ನು ಹಿಡಿದು ಹೊರಡುವುದಿಲ್ಲ. ಸಾಧ್ಯವಿರುವ ಎಲ್ಲ ಕಾರಣಗಳನ್ನೂ ಮೊದಲು ಪಟ್ಟಿಮಾಡಿ, ಪ್ರತಿಯೊಂದನ್ನೂ ಲಭ್ಯವಿರುವ ಸಾಕ್ಷ್ಯದ ಒರೆಗೆ ಹಚ್ಚಿ, ನಿಲ್ಲದವುಗಳನ್ನು ಕೈಬಿಡುತ್ತ ಹೋಗುವುದು ಒಂದು ಮಾನ್ಯ ಕ್ರಮ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ವೀಣಾ ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅರ್ಕಾವತಿ ಅಧ್ಯಯನವು ಈ ಕ್ರಮವನ್ನೇ ಅನುಸರಿಸಿತು. ನದಿಯಲ್ಲಿ ಹರಿವನ್ನು ಅಳೆಯುವ ಕೇಂದ್ರಗಳು ಸಾಕಷ್ಟಿಲ್ಲದ, ದಾಖಲೆಗಳು ಅಪೂರ್ಣವಾಗಿರುವ ಪ್ರದೇಶದಲ್ಲಿ ಈ ಕ್ರಮ ಹೆಚ್ಚು ಉಪಯುಕ್ತ.

ಮೊದಲ ಸಂಶಯ ಮಳೆಯ ಮೇಲೆ. ಮಳೆ ಕಡಿಮೆಯಾಗಿದ್ದರೆ ಹರಿವು ಕಡಿಮೆಯಾಗುವುದು ಸಹಜ. ಆದರೆ ಮಳೆಮಾಪನ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿದಾಗ ಒಳಹರಿವಿನ ಕುಸಿತವನ್ನು ವಿವರಿಸಬಲ್ಲಂತಹ ಇಳಿಕೆ ಮಳೆಯಲ್ಲಿ ಕಂಡುಬರಲಿಲ್ಲ. ಎರಡನೆಯದು ತಾಪಮಾನ. ಬಿಸಿಲು ಹೆಚ್ಚಿದರೆ ಆವಿಯಾಗುವ ನೀರೂ ಹೆಚ್ಚುತ್ತದೆ. ಆದರೆ ತಾಪಮಾನದಲ್ಲಿ ಆಗಿರುವ ಏರಿಕೆಯಿಂದ ಇಷ್ಟು ದೊಡ್ಡ ಕೊರತೆ ಉಂಟಾಗದು. ಹೀಗೆ ಹವಾಮಾನವನ್ನೇ ಹೊಣೆಯಾಗಿಸುವ ವಾದ ದುರ್ಬಲವಾಯಿತು.

ಉಳಿದವು ಮೂರು: ಕೊಳವೆಬಾವಿಗಳ ಮೂಲಕ ಅಂತರ್ಜಲದ ಬಳಕೆ, ನೀಲಗಿರಿ ನೆಡುತೋಪುಗಳ ವಿಸ್ತರಣೆ, ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ತಡೆಅಣೆ ಮುಂತಾದ ಅಡೆತಡೆಗಳು. ಹವಾಮಾನಕ್ಕಿಂತ ಈ ಮೂರು ಮಾನವಕೃತ ಕಾರಣಗಳೇ ಹೆಚ್ಚು ಸಂಭಾವ್ಯವೆಂದೂ, ಅವುಗಳಲ್ಲಿ ಅಂತರ್ಜಲ ಬಳಕೆ ಮತ್ತು ನೀಲಗಿರಿಯ ಪಾತ್ರ ಪ್ರಧಾನವೆಂದೂ ಅಧ್ಯಯನವು ತೀರ್ಮಾನಿಸಿತು.

ಈ ತೀರ್ಮಾನದ ಮಹತ್ವವನ್ನು ಗಮನಿಸಬೇಕು. ಮಳೆಯೇ ಕಾರಣವಾಗಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಕಾರಣವು ನೆಲದ ಬಳಕೆಯಲ್ಲಿ ಇರುವುದಾದರೆ, ಒಬ್ಬರ ಬಳಕೆ ಮತ್ತೊಬ್ಬರ ನಷ್ಟವಾಗುತ್ತದೆ. ವಿವಾದವೂ ಹುಟ್ಟುತ್ತದೆ, ಪರಿಹಾರವೂ ಸಾಧ್ಯವಾಗುತ್ತದೆ.

ನೀರು ಒಂದೇ, ಲೆಕ್ಕ ಎರಡು

ಅಂತರ್ಜಲ ತೆಗೆದರೆ ನದಿ ಏಕೆ ಬತ್ತಬೇಕು? ಬಿದ್ದ ಮಳೆಯಲ್ಲಿ ಒಂದು ಭಾಗ ನೆಲದ ಮೇಲೆ ಹರಿಯುತ್ತದೆ, ಬಹುಭಾಗ ಮಣ್ಣು ಮತ್ತು ಸಸ್ಯಗಳ ಮೂಲಕ ಆವಿಯಾಗುತ್ತದೆ, ಸ್ವಲ್ಪ ಭಾಗ ಕೆಳಗಿಳಿದು ಅಂತರ್ಜಲವನ್ನು ಸೇರುತ್ತದೆ. ಅಂತರ್ಜಲದ ಮಟ್ಟ ಮೇಲಿದ್ದಾಗ ಅದು ಹಳ್ಳಗಳ ತಳದಲ್ಲಿ ಒಸರಿ ಹೊರಬರುತ್ತದೆ. ಮಳೆ ನಿಂತ ತಿಂಗಳುಗಳಲ್ಲೂ ನದಿ ಹರಿಯುತ್ತಿದ್ದುದು ಈ ಒಸರಿನಿಂದಲೇ. ಮಟ್ಟವು ಹಳ್ಳದ ತಳಕ್ಕಿಂತ ಕೆಳಗಿಳಿದಾಗ ಒಸರು ನಿಲ್ಲುತ್ತದೆ. ಮಾತ್ರವಲ್ಲ, ಮಳೆಗಾಲದಲ್ಲಿ ಹರಿದುಬರುವ ನೀರನ್ನೂ ಒಣಗಿದ ನೆಲವೇ ಹೀರಿಕೊಳ್ಳುತ್ತದೆ.

ನಮ್ಮ ಆಡಳಿತ ವ್ಯವಸ್ಥೆಯಲ್ಲಾದರೋ ನದಿ ಮತ್ತು ಜಲಾಶಯ ಒಂದು ಇಲಾಖೆಗೆ, ಅಂತರ್ಜಲ ಮತ್ತೊಂದು ಇಲಾಖೆಗೆ, ತಡೆಅಣೆ ಮಗದೊಂದು ಕಾರ್ಯಕ್ರಮಕ್ಕೆ ಸೇರಿವೆ. ಪ್ರತಿಯೊಬ್ಬರೂ ಅದೇ ನೀರನ್ನು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಸಂಭವವಿದೆ. ಒಂದೇ ಸರಕನ್ನು ಎರಡು ಗೋದಾಮುಗಳ ದಾಸ್ತಾನು ಪುಸ್ತಕದಲ್ಲಿ ಬರೆದಂತಾಗುತ್ತದೆ ಇದು. ಮೇಲ್ಭಾಗದ ಊರಿನಲ್ಲಿ ತಡೆಅಣೆ ಕಟ್ಟಿ ಅಂತರ್ಜಲ ಹೆಚ್ಚಿಸಿದ್ದು ಆ ಊರಿಗೆ ಲಾಭವೇ ಸರಿ. ಆದರೆ ಅಲ್ಲಿ ಇಂಗಿದ ನೀರು ಕೆಳಗಿನ ಕೆರೆಗೆ ಬರಬೇಕಾಗಿದ್ದ ನೀರೂ ಆಗಿರಬಹುದು.

ಈ ಲೆಕ್ಕ ರಾಜ್ಯಗಳ ನಡುವಿನ ವ್ಯಾಜ್ಯದಲ್ಲೂ ನಿರ್ಣಾಯಕವಾಗಿದೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತನ್ನ ಕಾವೇರಿ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು. ಅದರಲ್ಲಿ 10 ಟಿಎಂಸಿಗೆ ಆಧಾರವಾದದ್ದು ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲ, ಉಳಿದ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕಾಗಿ. ನೆಲದಡಿಯ ನೀರಿನ ಲೆಕ್ಕವು ನದಿಯ ಹಂಚಿಕೆಯನ್ನೇ ಬದಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬಂಡೆಯ ಬೊಕ್ಕಸ ಚಿಕ್ಕದು

ಬೆಂಗಳೂರು, ರಾಮನಗರ, ಕೋಲಾರ, ತುಮಕೂರು ಪ್ರದೇಶಗಳ ತಳದಲ್ಲಿರುವುದು ಕಗ್ಗಲ್ಲು ಮತ್ತು ನೈಸ್ ಶಿಲೆ. ಇಲ್ಲಿ ನೀರು ನಿಲ್ಲುವುದು ಮೇಲ್ಭಾಗದ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಆಳಕ್ಕೆ ಹೋದಂತೆ ಸಂಗ್ರಹ ಹೆಚ್ಚುವುದಿಲ್ಲ. ಸಾಮಾನ್ಯವಾಗಿ ಬಿರುಕುಗಳು ವಿರಳವಾಗುತ್ತ ಹೋಗುತ್ತವೆ.

ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಶಿಥಿಲ ಪದರದ ಒಟ್ಟು ಗಾತ್ರದಲ್ಲಿ ಬಸಿದು ಕೊಡಬಲ್ಲ ನೀರಿನ ಪ್ರಮಾಣ ಶೇಕಡಾ 1.5 ಎಂದು ಇಟ್ಟುಕೊಳ್ಳೋಣ. ಒಂದು ಹೆಕ್ಟೇರ್ ಪ್ರದೇಶದಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ದೊರೆಯುವ ನೀರು 150 ಘನ ಮೀಟರ್, ಅಂದರೆ ಒಂದೂವರೆ ಲಕ್ಷ ಲೀಟರ್. ಇದು 6,000 ಲೀಟರಿನ 25 ಟ್ಯಾಂಕರುಗಳಿಗೆ ಸಮ. ದಿನಕ್ಕೆ 10 ಘನ ಮೀಟರಿನಂತೆ ವರ್ಷದಲ್ಲಿ 300 ದಿನ ನೀರೆತ್ತುವ ಒಂದು ಸಣ್ಣ ಘಟಕದ ಬಳಕೆ 3,000 ಘನ ಮೀಟರ್. ಮರುಪೂರಣವೇ ಇಲ್ಲದಿದ್ದರೆ ಇಷ್ಟು ನೀರಿಗಾಗಿ 20 ಹೆಕ್ಟೇರಿನಲ್ಲಿ ಮಟ್ಟವು ಒಂದು ಮೀಟರ್ ಇಳಿಯಬೇಕು. ಇನ್ನು ಮರುಪೂರಣದ ಕಡೆಯಿಂದ ನೋಡೋಣ. ವರ್ಷಕ್ಕೆ 800 ಮಿಲಿಮೀಟರ್ ಮಳೆಯಲ್ಲಿ ಶೇಕಡಾ 8ರಷ್ಟು ಇಂಗುತ್ತದೆಂದು ಭಾವಿಸಿದರೆ ಹೆಕ್ಟೇರಿಗೆ 640 ಘನ ಮೀಟರ್ ಸಿಗುತ್ತದೆ. ಆಗ ಆ ಘಟಕಕ್ಕೆ ಸುಮಾರು ನಾಲ್ಕೂಮುಕ್ಕಾಲು ಹೆಕ್ಟೇರ್ ನೆಲದ ಮರುಪೂರಣ ಸಂಪೂರ್ಣವಾಗಿ ಬೇಕು. ಘಟಕದ ನಿವೇಶನವು ಅರ್ಧ ಎಕರೆಯಾಗಿದ್ದರೆ ಉಳಿದ ನೀರು ನೆರೆಹೊರೆಯವರ ನೆಲದಡಿಯಿಂದ ಬರುತ್ತಿದೆಯೆಂದೇ ಅರ್ಥ. ವಿವಾದದ ಬೀಜ ಇರುವುದು ಇಲ್ಲಿ.

ಯಾರು ಯಾರ ನಡುವೆ ವಿವಾದ?

ಜಲವಿವಾದವನ್ನು ನಗರ ಮತ್ತು ಗ್ರಾಮಗಳ ಜಗಳವೆಂದು ಸರಳಗೊಳಿಸುವುದುಂಟು. ಅರ್ಕಾವತಿಯಲ್ಲಿ ಕಂಡುಬರುವುದು ಹಲವು ಎಳೆಗಳ ಗೋಜಲು. ಜಲಾಶಯದ ಮೇಲ್ಭಾಗದ ರೈತನಿಗೆ ಕೊಳವೆಬಾವಿಯೇ ಜೀವನಾಧಾರ. 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ನೀರೆತ್ತಲು ಅವನಿಗೆ ಖರ್ಚಿನ ಮಿತಿಯೂ ಇಲ್ಲ. ಆದರೆ ಮತ್ತೆ ಮತ್ತೆ ಹೊಸ ಬಾವಿ ಕೊರೆಯಿಸಲು ಬಂಡವಾಳವುಳ್ಳವನು ನೀರು ಪಡೆಯುತ್ತಾನೆ, ತೆರೆದ ಬಾವಿಯ ಬಡ ರೈತ ಮೊದಲೇ ಕೈಚೆಲ್ಲುತ್ತಾನೆ. ನಗರ ಸಮೀಪದಲ್ಲಿ ಕೂಲಿಯಾಳುಗಳು ದೊರೆಯದೆ ನೀಲಗಿರಿ ನೆಟ್ಟವನದು ಇನ್ನೊಂದು ಲೆಕ್ಕಾಚಾರ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಅದಕ್ಕೆ ಹಿಂದಿನ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದಕ್ಕೆ ಉತ್ತೇಜನ ದೊರೆತದ್ದೂ ಉಂಟು.

ಪರಿಮಾಣದ ಜೊತೆಗೆ ಗುಣಮಟ್ಟದ ವಿವಾದವೂ ಇದೆ. ವೃಷಭಾವತಿಯಲ್ಲಿ ಹರಿಯುವುದು ಬಹುಪಾಲು ನಗರದ ತ್ಯಾಜ್ಯನೀರು. ಬೈರಮಂಗಲ ಜಲಾಶಯದ ಸುತ್ತಲಿನ ರೈತರು ಅದೇ ನೀರಿನಿಂದ ಬೆಳೆ ತೆಗೆಯುತ್ತಾರೆ. ಅವರ ಬಾವಿಗಳು ಕೆಡುವುದೂ ಅದರಿಂದಲೇ. ವರ್ಷವಿಡೀ ನೀರು ಬರುತ್ತದೆಂಬ ಲಾಭ, ನೀರು ಕುಡಿಯಲಾಗದೆಂಬ ನಷ್ಟ ಎರಡೂ ಒಂದೇ ಮನೆಯಲ್ಲಿ ಸೇರಿಕೊಂಡಿವೆ. ದೊಡ್ಡಬಳ್ಳಾಪುರದ ಕೆಳಭಾಗದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಒಳಚರಂಡಿ ನೀರೂ ಕೈಗಾರಿಕಾ ತ್ಯಾಜ್ಯವೂ ಸೇರುತ್ತಿದೆಯೆಂದು ಗ್ರಾಮಸ್ಥರು ಇತ್ತೀಚಿನ ವರ್ಷಗಳಲ್ಲಿ ಪ್ರತಿಭಟಿಸಿದ್ದಾರೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಲೋಹಲೇಪನ ಉದ್ಯಮಕ್ಕೆ ಸಂಬಂಧಿಸಿದ ಕ್ರೋಮಿಯಂ ಅಂಶ ಪತ್ತೆಯಾಗಿರುವುದು ದಾಖಲಾಗಿರುವ ಸಂಗತಿ. ಮಗ್ಗ, ಬಣ್ಣಗಾರಿಕೆ, ಲೇಪನ ಘಟಕಗಳು ಸಹಸ್ರಾರು ಕುಟುಂಬಗಳಿಗೆ ಅನ್ನ ನೀಡುತ್ತಿವೆ. ಅವುಗಳ ತ್ಯಾಜ್ಯ ತಲುಪುವ ಬಾವಿಯನ್ನು ನೆಚ್ಚಿದವರೂ ಕುಟುಂಬಸ್ಥರೇ.

ಅಧ್ಯಯನದ ಹಾದಿ

ಇಂತಹ ವಿವಾದವನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ನಾಲ್ಕು ಬಗೆಯ ಮಾಹಿತಿಯನ್ನು ಕಲೆಹಾಕುತ್ತಾರೆ.

ಮೊದಲನೆಯದು ನೀರಿನ ಜಮಾಖರ್ಚು. ತಾಲ್ಲೂಕು, ಜಿಲ್ಲೆಗಳ ಗಡಿಗೆ ಬದಲಾಗಿ ಜಲಾನಯನ ಪ್ರದೇಶವನ್ನು ಘಟಕವಾಗಿ ತೆಗೆದುಕೊಂಡು, ಬಂದ ಮಳೆ, ಹರಿದ ನೀರು, ಆವಿಯಾದ ನೀರು, ಸಂಗ್ರಹದಲ್ಲಿನ ಬದಲಾವಣೆ ಇವನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಲೆಕ್ಕಕ್ಕೆ ಬಾರದ ಬಳಕೆ ಎಲ್ಲೋ ಇದೆಯೆಂದು ಅರ್ಥ. ಸರ್ಕಾರದ ಅಂತರ್ಜಲ ಮೌಲ್ಯಮಾಪನವೂ ಇದೇ ತತ್ವವನ್ನು ಆಧರಿಸಿದೆ. ವಾರ್ಷಿಕವಾಗಿ ತೆಗೆಯಬಹುದಾದ ಪ್ರಮಾಣದಲ್ಲಿ ಶೇಕಡಾ 70ರವರೆಗಿನ ಬಳಕೆ ಸುರಕ್ಷಿತ, 70ರಿಂದ 90 ಅರೆಗಂಭೀರ, 90ರಿಂದ 100 ಗಂಭೀರ, 100ನ್ನು ಮೀರಿದರೆ ಅತಿಬಳಕೆ ಎಂಬ ವರ್ಗೀಕರಣ ಬಳಕೆಯಲ್ಲಿದೆ.

ಎರಡನೆಯದು ಬಾವಿಗಳ ಚರಿತ್ರೆ. ಪ್ರತಿ ಬಾವಿಯನ್ನು ಯಾವ ವರ್ಷ, ಎಷ್ಟು ಆಳಕ್ಕೆ ಕೊರೆಯಲಾಯಿತು, ಎಂದು ಬತ್ತಿತು, ಎಷ್ಟು ಖರ್ಚಾಯಿತು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಾರೆ. ಸರಾಸರಿಗಳು ಇಲ್ಲಿ ದಾರಿ ತಪ್ಪಿಸಬಹುದು. ಬೆಂಗಳೂರಿನ ಮಧ್ಯಭಾಗದಲ್ಲಿ ಕಾವೇರಿ ಕೊಳವೆಗಳ ಮತ್ತು ಒಳಚರಂಡಿಗಳ ಸೋರಿಕೆಯಿಂದ ಅಂತರ್ಜಲ ಮೇಲೇ ಇರುವಾಗ, ಕೊಳಾಯಿ ಜಾಲವಿಲ್ಲದ ಹೊರವಲಯದಲ್ಲಿ ಅದು ಪಾತಾಳ ಸೇರಿರಬಹುದು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಯಾರ ಸ್ಥಿತಿಯನ್ನೂ ಹೇಳದು.

ಮೂರನೆಯದು ಗುಣಮಟ್ಟದ ಪರೀಕ್ಷೆ. ಹಗಲಿನಲ್ಲಿ ತೆಗೆದ ಒಂದು ಮಾದರಿಯಿಂದ ನಾಲೆಯ ಸ್ಥಿತಿ ತಿಳಿಯುವುದಿಲ್ಲ. ದಿನದ ಬೇರೆ ಬೇರೆ ಹೊತ್ತಿನಲ್ಲಿ, ಋತುಮಾನಗಳಲ್ಲಿ, ಮೇಲ್ಭಾಗ ಮತ್ತು ಕೆಳಭಾಗಗಳಲ್ಲಿ ಮಾದರಿ ತೆಗೆದರಷ್ಟೇ ಮಾಲಿನ್ಯದ ಮೂಲ ಗೃಹಬಳಕೆಯೋ ಕೈಗಾರಿಕೆಯೋ ಎಂಬುದನ್ನು ಬೇರ್ಪಡಿಸಬಹುದು. ಕ್ರಮಬದ್ಧವಾಗಿ ತ್ಯಾಜ್ಯ ಸಂಸ್ಕರಿಸುವ ಘಟಕಗಳಿಗೆ ಇಂತಹ ವಿವರವಾದ ಪರೀಕ್ಷೆಯೇ ರಕ್ಷಣೆ. ಪರೀಕ್ಷೆ ಅರೆಬರೆಯಾದಷ್ಟೂ ಎಲ್ಲ ಘಟಕಗಳೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ನಾಲ್ಕನೆಯದು ಹಕ್ಕು ಮತ್ತು ಅಧಿಕಾರದ ವಿಚಾರಣೆ. ನೀರು ಯಾರಿಗೆ ಮೊದಲು ತಲುಪುತ್ತದೆ, ನಷ್ಟ ಯಾರ ಪಾಲಿಗೆ ಬರುತ್ತದೆ, ತೀರ್ಮಾನ ಕೈಗೊಳ್ಳುವಾಗ ಯಾರನ್ನು ಕೇಳಲಾಯಿತು, ಯಾರನ್ನು ಕೇಳಲಿಲ್ಲ ಎಂಬುದನ್ನು ಕಡತಗಳಿಂದಲೂ ಸಂದರ್ಶನಗಳಿಂದಲೂ ತಿಳಿಯಲಾಗುತ್ತದೆ. ಅಳತೆಯಲ್ಲಿ ಸಣ್ಣದಾದ ಕೊರತೆ ದೊಡ್ಡ ಸಂಘರ್ಷವಾಗಲು, ದೊಡ್ಡ ಕೊರತೆಯೂ ಶಾಂತವಾಗಿ ಬಗೆಹರಿಯಲು ಕಾರಣ ಹೆಚ್ಚಾಗಿ ಇಲ್ಲೇ ಅಡಗಿರುತ್ತದೆ.

ಕಾನೂನಿನ ಸ್ಥಿತಿ

1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಅಂತರ್ಜಲದ ಹಕ್ಕು ಭೂಮಿಯ ಒಡೆತನಕ್ಕೆ ಅಂಟಿಕೊಂಡು ಬಂದಿದೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ 1997ರಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ರಚನೆಯಾಯಿತು. ಕರ್ನಾಟಕದಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ 1999ರ ಕಾಯ್ದೆಯೂ, ಅಂತರ್ಜಲ ಅಭಿವೃದ್ಧಿ ಮತ್ತು ನಿರ್ವಹಣೆಯ ನಿಯಂತ್ರಣಕ್ಕಾಗಿ 2011ರ ಕಾಯ್ದೆಯೂ ಬಂದವು. ಎರಡನೆಯದರ ಅನ್ವಯ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಪ್ರಾಧಿಕಾರದ ಅನುಮತಿ ಅಗತ್ಯ. ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶದಲ್ಲಿ ಕೈಗಾರಿಕೆ ಮತ್ತು ಕಟ್ಟಡ ನಿರ್ಮಾಣಗಳನ್ನು ನಿರ್ಬಂಧಿಸಿ ರಾಜ್ಯ ಸರ್ಕಾರ 2003ರ ನವೆಂಬರಿನಲ್ಲಿ ಪ್ರತ್ಯೇಕ ಅಧಿಸೂಚನೆಯನ್ನೇ ಹೊರಡಿಸಿತು. ನಿರ್ಬಂಧ ಹೇರಿದ್ದು ನದಿಯ ಹರಿವು ಬಹುಪಾಲು ಕುಸಿದ ಮೇಲೆ ಎಂಬುದು ಗಮನಾರ್ಹ.

2020ರ ಸೆಪ್ಟೆಂಬರ್ 24ರ ಕೇಂದ್ರ ಮಾರ್ಗಸೂಚಿಯು ದಿನಕ್ಕೆ 10 ಘನ ಮೀಟರಿಗಿಂತ ಕಡಿಮೆ ಅಂತರ್ಜಲ ಬಳಸುವ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ನಿರಾಕ್ಷೇಪಣಾ ಪತ್ರದಿಂದ ವಿನಾಯಿತಿ ನೀಡಿದೆ. ರಾಜ್ಯದ ಕಾಯ್ದೆ ಜಾರಿಯಲ್ಲಿರುವೆಡೆ ರಾಜ್ಯ ಪ್ರಾಧಿಕಾರದ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ವಿನಾಯಿತಿಯಿದೆಯೆಂದ ಮಾತ್ರಕ್ಕೆ ಬಂಡೆಯಲ್ಲಿ ನೀರಿದೆಯೆಂದು ಅರ್ಥವಲ್ಲ. ನೂರು ಸಣ್ಣ ಘಟಕಗಳು ತಲಾ 10 ಘನ ಮೀಟರ್ ಎತ್ತಿದರೆ ದಿನಕ್ಕೆ 10 ಲಕ್ಷ ಲೀಟರ್ ಆಗುತ್ತದೆ.

ಎರಡು ನೆರೆಯ ಪಾಠಗಳು

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಆರಂಭವಾದ ಕೋಕಾ-ಕೋಲಾ ಘಟಕದ ವಿರುದ್ಧ 2002ರಲ್ಲಿ ಸ್ಥಳೀಯ ಆದಿವಾಸಿಗಳೂ ರೈತರೂ ಚಳವಳಿ ಹೂಡಿದರು. 2003ರಲ್ಲಿ ಪೆರುಮಾಟ್ಟಿ ಪಂಚಾಯತಿ ಪರವಾನಗಿ ನವೀಕರಿಸಲು ನಿರಾಕರಿಸಿತು. ಅದೇ ಡಿಸೆಂಬರಿನಲ್ಲಿ ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅಂತರ್ಜಲ ಸಾರ್ವಜನಿಕ ನ್ಯಾಸದ ಸ್ವತ್ತೆಂದು ಹೇಳಿತು. 2005ರಲ್ಲಿ ತಜ್ಞರ ವರದಿಯನ್ನು ಆಧರಿಸಿ ವಿಭಾಗೀಯ ಪೀಠವು ದಿನಕ್ಕೆ ಐದು ಲಕ್ಷ ಲೀಟರ್ ತೆಗೆಯಲು ಅನುಮತಿಸಿತು. ಒಂದೇ ನ್ಯಾಯಾಲಯದಲ್ಲಿ ಎರಡು ನಿಲುವುಗಳು ವ್ಯಕ್ತವಾದವು. ಆದರೆ 2004ರಲ್ಲಿ ನಿಂತ ಉತ್ಪಾದನೆ ಮತ್ತೆ ಆರಂಭವಾಗಲೇ ಇಲ್ಲ. ಕಾನೂನಿನ ಅನುಮತಿ ಕೈಯಲ್ಲಿದ್ದರೂ ನೆರೆಯವರ ಸಮ್ಮತಿಯಿಲ್ಲದೆ ಕಾರ್ಖಾನೆ ನಡೆಯದೆಂಬುದು ಅದರ ತಾತ್ಪರ್ಯ. ರಾಜ್ಯ ಸರ್ಕಾರ ನೇಮಿಸಿದ ಸಮಿತಿಯು 2010ರಲ್ಲಿ ಒಟ್ಟು ಹಾನಿಯನ್ನು ಸುಮಾರು 216 ಕೋಟಿ ರೂಪಾಯಿಯೆಂದು ಅಂದಾಜಿಸಿತು.

ಎರಡನೆಯದು ಕೋಲಾರದ್ದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ತ್ಯಾಜ್ಯನೀರನ್ನು ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ, ದಿನಕ್ಕೆ 440 ದಶಲಕ್ಷ ಲೀಟರ್ ಸಾಮರ್ಥ್ಯದ ಯೋಜನೆ 2018ರಲ್ಲಿ ಆರಂಭವಾಯಿತು. ಶಾಶ್ವತ ನದಿಗಳಿಲ್ಲದ ಜಿಲ್ಲೆಯಲ್ಲಿ ಬತ್ತಿದ ಬಾವಿಗಳಿಗೆ ನೀರು ಮರಳಿತೆಂಬುದು ಒಂದು ಪಕ್ಷ. ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಅಂತರ್ಜಲವನ್ನು ಕೆಡಿಸುವುದೆಂಬ ಆತಂಕ, ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯ ಇನ್ನೊಂದು ಪಕ್ಷ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತಿದ್ದ ನೀರು ಬೇರೆಡೆಗೆ ತಿರುಗಿದಾಗ ಆ ನದಿಯ ಕೆಳಭಾಗದವರ ಹಿತವೂ ಇದರಲ್ಲಿ ಸೇರುತ್ತದೆ. ತ್ಯಾಜ್ಯನೀರಿಗೂ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆಂಬುದನ್ನು ಈ ಯೋಜನೆ ತೋರಿಸಿತು.

ಬಳಕೆದಾರರೇ ಕಟ್ಟಿದ ವ್ಯವಸ್ಥೆ

ವಿವಾದದ ಅಧ್ಯಯನವು ಪರಿಹಾರಕ್ಕೂ ದಾರಿ ತೋರಿದ ಉದಾಹರಣೆಯಿದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಎಲಿನರ್ ಆಸ್ಟ್ರಮ್ 1965ರಲ್ಲಿ ಪೂರೈಸಿದ ತಮ್ಮ ಡಾಕ್ಟರೇಟ್ ಅಧ್ಯಯನಕ್ಕೆ ಆರಿಸಿಕೊಂಡದ್ದು ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಒಂದು ಅಂತರ್ಜಲ ಪ್ರದೇಶವನ್ನು. ಅಲ್ಲಿ ನಗರಸಂಸ್ಥೆಗಳು, ನೀರು ಪೂರೈಕೆ ಕಂಪನಿಗಳು, ಕೈಗಾರಿಕೆಗಳು ಪೈಪೋಟಿಯಿಂದ ನೀರೆತ್ತಿದ ಪರಿಣಾಮವಾಗಿ ಸಮುದ್ರದ ಉಪ್ಪುನೀರು ಬಾವಿಗಳಿಗೆ ನುಗ್ಗತೊಡಗಿತ್ತು. ಯಾರೊಬ್ಬರು ಬಳಕೆ ತಗ್ಗಿಸಿದರೂ ಲಾಭ ಇತರರಿಗೆ ಹೋಗುವ ಸ್ಥಿತಿ. ಆಗ ಬಳಕೆದಾರರು ಸಂಘ ಕಟ್ಟಿಕೊಂಡು, ಪ್ರತಿಯೊಬ್ಬರ ಬಳಕೆಯ ಅಂಕಿಗಳನ್ನು ಹಂಚಿಕೊಂಡು, ನ್ಯಾಯಾಲಯದ ಸಮ್ಮುಖದಲ್ಲಿ ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿತಕ್ಕೆ ಒಪ್ಪಿದರು. ಕರಾವಳಿಯುದ್ದಕ್ಕೂ ಬಾವಿಗಳ ಮೂಲಕ ಸಿಹಿನೀರನ್ನು ಒಳಕ್ಕೆ ತಳ್ಳಿ ಉಪ್ಪುನೀರನ್ನು ತಡೆಯಲಾಯಿತು. ನಂಬಲರ್ಹವಾದ ಸಮಾನ ಮಾಹಿತಿಯಿಲ್ಲದೆ ಈ ಒಪ್ಪಂದ ಸಾಧ್ಯವಾಗುತ್ತಿರಲಿಲ್ಲ. ನಮ್ಮ ಕೈಗಾರಿಕಾ ಬಡಾವಣೆಗಳ ಸಂಘಗಳು ರಸ್ತೆ, ದೀಪಗಳ ವಿಷಯದಲ್ಲಿ ಮಾಡುವ ಕೆಲಸವನ್ನು ನೀರಿನ ವಿಷಯದಲ್ಲೂ ಮಾಡಬಹುದೆಂಬ ಸೂಚನೆ ಇಲ್ಲಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪ್ರತಿ ಕೊಳವೆಬಾವಿಗೂ ಮಾಪಕ ಅಳವಡಿಸಿ, ದಿನದ ಬಳಕೆಯನ್ನೂ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನೂ ಬರೆದಿಡುವುದು. ಐದು ವರ್ಷಗಳ ಇಂತಹ ದಾಖಲೆ ಯಾವ ವಾಗ್ವಾದಕ್ಕಿಂತಲೂ ಹೆಚ್ಚು ತೂಕದ್ದು.

2. ಟ್ಯಾಂಕರ್ ನೀರು ಕೊಳ್ಳುವವರು ಅದರ ಮೂಲವನ್ನು ವಿಚಾರಿಸುವುದು. ಹೊರವಲಯದ ಹಳ್ಳಿಯ ಬಾವಿಯಿಂದ ಬಂದ ನೀರಾದರೆ ವಿವಾದವು ಘಟಕದ ಬಾಗಿಲಿಗೂ ಬರಬಹುದು.

3. ಚಾವಣಿಯ ಮಳೆನೀರನ್ನು ಸಂಗ್ರಹಿಸುವುದು. 1,000 ಚದರ ಮೀಟರ್ ಚಾವಣಿಯಿಂದ 800 ಮಿಲಿಮೀಟರ್ ಮಳೆಯಲ್ಲಿ ಶೇಕಡಾ 80ರಷ್ಟು ಹಿಡಿದರೆ 6.4 ಲಕ್ಷ ಲೀಟರ್ ದೊರೆಯುತ್ತದೆ. ದಿನಕ್ಕೆ 10 ಘನ ಮೀಟರ್ ಬಳಸುವ ಘಟಕಕ್ಕೆ ಇದು 64 ದಿನಗಳ ನೀರು. ಇಂಗಿಸುವುದಾದರೆ ಶುದ್ಧ ಚಾವಣಿ ನೀರನ್ನಷ್ಟೇ ಇಂಗಿಸಬೇಕು. ಕಾರ್ಖಾನೆಯ ಅಂಗಳದ ನೀರು ಬಾವಿಗಿಳಿಯಬಾರದು.

4. ತೊಳೆಯುವಿಕೆ, ತಂಪುಗೊಳಿಸುವಿಕೆಗಳಿಗೆ ಸಂಸ್ಕರಿತ ನೀರನ್ನು ಬಳಸಲು ನೆರೆಯ ಘಟಕಗಳು ಸೇರಿ ಸಾಮೂಹಿಕ ವ್ಯವಸ್ಥೆ ಮಾಡಿಕೊಳ್ಳುವುದು. ಒಂಟಿ ಘಟಕಕ್ಕೆ ಹೊರೆಯಾದ ವೆಚ್ಚ ಹಂಚಿಕೊಂಡಾಗ ಹಗುರವಾಗುತ್ತದೆ.

5. ಸಂಶೋಧಕರು ಮಾಹಿತಿ ಕೇಳಿ ಬಂದಾಗ ಬಾಗಿಲು ಮುಚ್ಚದಿರುವುದು. ಉದ್ಯಮದ ಅಂಕಿಗಳಿಲ್ಲದ ಅಧ್ಯಯನದಲ್ಲಿ ಉದ್ಯಮದ ಬಳಕೆಯನ್ನು ಅಂದಾಜಿನಿಂದಲೇ ತುಂಬಲಾಗುತ್ತದೆ. ಅಂದಾಜು ಹೆಚ್ಚಾಯಿತೆಂದು ಅನಂತರ ಆಕ್ಷೇಪಿಸುವುದು ಫಲ ಕೊಡದು.

ಅರ್ಕಾವತಿಯ ಒಳಹರಿವು ಕುಸಿದದ್ದು ಒಂದೇ ವರ್ಷದಲ್ಲಲ್ಲ. ಅದಕ್ಕೆ ಹಿಡಿದದ್ದು ಒಂದು ತಲೆಮಾರಿನ ಕಾಲ. ಆ ಅವಧಿಯಲ್ಲಿ ರೈತ, ಗೃಹಸ್ಥ, ಉದ್ಯಮಿ, ಇಲಾಖೆ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸಮಂಜಸವೆನಿಸಿದ ಕೆಲಸವನ್ನೇ ಮಾಡಿದರು. ಒಟ್ಟು ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ತನ್ನ ಪಾಲಿನ ಲೆಕ್ಕವನ್ನು ಸರಿಯಾಗಿ ಇಟ್ಟುಕೊಂಡು ಬೇಕಾದಾಗ ಎಲ್ಲರ ಮುಂದಿಡಬಲ್ಲ ಉದ್ಯಮವು ಮುಂದಿನ ಜಲವಿವಾದದಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗದೆ, ಪರಿಹಾರ ಹುಡುಕುವ ಮೇಜಿನ ಸುತ್ತ ಕುಳಿತುಕೊಳ್ಳಲು ಅರ್ಹತೆ ಪಡೆಯುತ್ತದೆ.